ಮೂರನೆಯ ವಾರದ ತೂಕ

ಶ್ರೀರಂಗಪಟ್ಟಣ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪಾಂಡವಪುರದಿಂದ ನೀನು ಬರೆದ ಪತ್ರ ಕೈಸೇರಿತು. ತೂಕ ಇಳಿಸಲೆಂದು ಮಾಡಿಸಿಕೊಂಡ ಜಠರದ ಶಸ್ತ್ರಚಿಕಿತ್ಸೆಯಾದ ಮೊದಲ ಹತ್ತು ದಿನಗಳಲ್ಲಿ 6 ಕಿಲೋದಷ್ಟು ಇಳಿದ ತೂಕವು ಅಲ್ಲಿಂದೀಚೆಗೆ ಒಂದು ಗ್ರಾಮೂ ಕದಲದೆ ನಿಂತುಬಿಟ್ಟಿದೆಯೆಂದೂ, ದಿನವೊಂದಕ್ಕೆ 500 ಕ್ಯಾಲರಿಯನ್ನು ಕೂಡ ದಾಟದ ಆಹಾರದಿಂದಲೇ ಮೈ ಕರಗದಿದ್ದರೆ ಇನ್ನಾವುದರಿಂದ ಕರಗೀತೆಂದೂ, ಆದಕಾರಣ ಎರಡು ದಿನ ಬರಿಯ ನೀರಿನಲ್ಲಿಯೇ ಇದ್ದು ನೋಡುವೆನೆಂದೂ ಬರೆದಿರುವೆ. ಆ ಕೊನೆಯ ಸಂಕಲ್ಪವನ್ನು ಕೂಡಲೆ ಬಿಡಬೇಕೆಂದು ದೂರವಾಣಿಯಲ್ಲಿ ಹೇಳಿದ್ದಾಯಿತು. ಏಕೆ ಬಿಡಬೇಕೆಂಬುದನ್ನು ಸಾವಧಾನವಾಗಿ ತಿಳಿಸುವುದಕ್ಕಾಗಿ ಈ ಪತ್ರ. ಇದನ್ನು ನಿನ್ನ ಒಪ್ಪಿಗೆ ಪಡೆದು ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣವುಂಟು. ನಾಗಮಂಗಲದಿಂದಲೂ ಕೃಷ್ಣರಾಜಪೇಟೆಯಿಂದಲೂ ಜನ ಮೈಸೂರಿಗೋ ಬೆಂಗಳೂರಿಗೋ ಹೋಗಿ ಈ ಚಿಕಿತ್ಸೆ ಮಾಡಿಸಿಕೊಂಡು ಎರಡು ಮೂರು ದಿನಗಳಲ್ಲಿಯೇ ಊರಿಗೆ ಮರಳುತ್ತಾರೆ. ಚಿಕಿತ್ಸೆ ನಡೆದದ್ದು ಪಟ್ಟಣದಲ್ಲಾದರೂ ಅದರ ಅತ್ಯಂತ ಕಠಿನವಾದ ವಾರಗಳು ಕಳೆಯುವುದು ನಮ್ಮ ಅಡುಗೆಮನೆಗಳಲ್ಲಿ, ಅದರ ಗಂಧಗಾಳಿಯಿಲ್ಲದ ಬಂಧುಗಳ ನಡುವೆ. ನಿನ್ನನ್ನು ಬಾಧಿಸುತ್ತಿರುವ ಸಂಶಯ ಅವರನ್ನೂ ಬಾಧಿಸದಿರದು.

ಮೊದಲು ಲೆಕ್ಕವನ್ನು ನೋಡೋಣ. 110 ಕಿಲೋ ತೂಗುವ ಹೆಣ್ಣುಮಗಳೊಬ್ಬಳ ದೇಹವು ಉಸಿರಾಟ, ರಕ್ತಸಂಚಾರ, ಮನೆಯೊಳಗಿನ ಓಡಾಟಗಳಿಗಾಗಿ ದಿನಕ್ಕೆ ಸುಮಾರು 1,900 ಕ್ಯಾಲರಿ ವ್ಯಯಿಸುತ್ತದೆಂದು ಇಟ್ಟುಕೊಳ್ಳುವುದಾದರೆ, ಬಾಯಿಂದ ಒಳಹೋಗುವುದು 500 ಮಾತ್ರವಾಗಿರುವಾಗ ಉಳಿದ 1,400ನ್ನು ಅದು ತನ್ನ ಸಂಗ್ರಹದಿಂದಲೇ ತೆಗೆಯಬೇಕು. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕ್ಯಾಲರಿ. ಹಾಗಾದರೆ ಹತ್ತು ದಿನಗಳಲ್ಲಿ ಕರಗಬಹುದಾದ ಕೊಬ್ಬು ಹೆಚ್ಚೆಂದರೆ ಎರಡು ಕಿಲೋದ ಒಳಗೇ ಇರತಕ್ಕದ್ದು. ನಿನ್ನ ತೂಕ ಇಳಿದದ್ದಾದರೋ ಆರು ಕಿಲೋ! ಮಿಕ್ಕ ನಾಲ್ಕು ಕಿಲೋ ಎಲ್ಲಿಂದ ಹೋಯಿತೆಂದು ನೀನು ಆಗ ಕೇಳಲಿಲ್ಲ; ಸಂತೋಷದ ಲೆಕ್ಕವನ್ನು ಯಾರೂ ಎರಡನೆಯ ಸಲ ಕೂಡಿಸಿ ನೋಡುವುದಿಲ್ಲ. ಅದರ ಬಹುಭಾಗ ನೀರು. ನಮ್ಮ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೊಜೆನ್ ಎಂಬ ಪಿಷ್ಟವು ತುರ್ತಿನ ವೆಚ್ಚಕ್ಕೆಂದು ಕೂಡಿಡಲ್ಪಟ್ಟಿರುತ್ತದೆ. ಅದರ ಒಂದೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರು ಬಂಧಿತವಾಗಿರುತ್ತದೆ. ಆಹಾರವು ಹಠಾತ್ತಾಗಿ ನಿಂತ ಮೊದಲ ದಿನಗಳಲ್ಲಿ ದೇಹವು ಮೊತ್ತಮೊದಲು ಕೈಹಾಕುವುದು ಈ ಸಂಗ್ರಹಕ್ಕೆ. ಅದು ಬರಿದಾದಂತೆ ಅದರ ನೀರೂ ಹೊರಟುಹೋಗುತ್ತದೆ. ಮೂರನೆಯ ವಾರದ ಹೊತ್ತಿಗೆ ಗಂಜಿ, ಬೇಳೆ, ಮೊಸರು ಸ್ವಲ್ಪ ಸ್ವಲ್ಪವಾಗಿ ಒಳಸೇರತೊಡಗಿ, ಬರಿದಾದ ಕಣಜವನ್ನು ದೇಹವು ಮರಳಿ ಒಂದಿಷ್ಟು ತುಂಬಿಕೊಳ್ಳುವಾಗ ಆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಕಿಲೋ ಕೊಬ್ಬು ಕರಗಿಹೋದ ವಾರದಲ್ಲಿಯೇ ಒಂದು ಕಿಲೋ ನೀರು ಬಂದು ಸೇರಿದರೆ ತೂಕದ ಯಂತ್ರ ತೋರಿಸುವುದೇನನ್ನು?

ಕನ್ನಂಬಾಡಿ ಕಟ್ಟೆಯ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ನೋಡುವ ಸೀಮೆ ನಮ್ಮದು. 124.80 ಅಡಿಯ ಆ ಕಟ್ಟೆಯಲ್ಲಿ ನೀರಿನ ಮಟ್ಟ ವಾರವಿಡೀ ಒಂದೇ ಅಂಕಿಯಲ್ಲಿ ನಿಂತಿದೆಯೆಂದ ಮಾತ್ರಕ್ಕೆ ನಾಲೆಗಳಿಗೆ ನೀರು ಹರಿಯುತ್ತಿಲ್ಲವೆಂದು ನಮ್ಮ ರೈತನಾವನೂ ಭಾವಿಸುವುದಿಲ್ಲ. ಅವನ ಕಣ್ಣು ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದರ ಮೇಲಿರುತ್ತದೆ. ನಿನ್ನ ತೂಕದ ಯಂತ್ರವು ಮಟ್ಟವನ್ನು ಮಾತ್ರ ಹೇಳುತ್ತಿದೆ, ಹರಿವನ್ನು ಹೇಳುತ್ತಿಲ್ಲ. ಈ ನಿಲುಗಡೆ ಶಸ್ತ್ರಚಿಕಿತ್ಸೆಯಾದ ಎರಡನೆಯ ವಾರದಿಂದ ಐದನೆಯ ವಾರದೊಳಗೆ ಬಹುಮಂದಿಗೆ ಬರುವಂಥದು, ಒಂದರಿಂದ ಮೂರು ವಾರ ಇದ್ದು ತಾನಾಗಿ ಹೋಗುವಂಥದು. ತಿಂಗಳ ಮುಟ್ಟು, ಮಲಬದ್ಧತೆ, ಉಪ್ಪುಸಾರಿನ ಉಪ್ಪು, ಇವೂ ಅದನ್ನು ನಾಲ್ಕು ದಿನ ಹೆಚ್ಚು ಎಳೆಯಬಲ್ಲವು.

ಇನ್ನು ನಿನ್ನ ಉಪವಾಸದ ಯೋಚನೆ. ಮಹಾಯುದ್ಧದ ಅಂತ್ಯಕಾಲದಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು, ಶಸ್ತ್ರ ಹಿಡಿಯಲೊಲ್ಲದ 36 ಮಂದಿ ಆರೋಗ್ಯವಂತ ತರುಣರನ್ನು ಅವರ ಸಮ್ಮತಿಯಿಂದಲೇ 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ಕ್ಷಾಮಪೀಡಿತ ಜನರಿಗೆ ಮರಳಿ ಅನ್ನವೂಡಿಸುವ ವಿಧಾನವನ್ನು ತಿಳಿಯುವುದು ಅವರ ಉದ್ದೇಶವಾಗಿತ್ತು. ಆ ತರುಣರ ದೇಹವು ವಿಶ್ರಾಂತಿಯಲ್ಲಿ ಮಾಡುವ ವ್ಯಯವನ್ನು ನೂರಕ್ಕೆ 40ರ ಸಮೀಪದಷ್ಟು ತಗ್ಗಿಸಿಕೊಂಡಿತು. ಕಾಲುಗಳಲ್ಲಿಯೂ ಮುಖದಲ್ಲಿಯೂ ನೀರು ತುಂಬಿ, ಕೃಶವಾಗುತ್ತಿದ್ದ ಮೈಯ ನಷ್ಟವನ್ನು ತಕ್ಕಡಿಯಿಂದ ಮರೆಮಾಡಿತು. ಇದರಿಂದ ಎರಡು ವಿಷಯಗಳು ಹೊರಪಡುತ್ತವೆ. ಹಸಿದ ದೇಹ ಮಿತವ್ಯಯಿಯಾಗುವುದು ನಿಜ. ಆದರೆ ವ್ಯಯವನ್ನೇ ನಿಲ್ಲಿಸಿಬಿಡುವುದೆಂಬುದು ನಿಜವಲ್ಲ, ಏಕೆಂದರೆ ಆ ತರುಣರು ತಮ್ಮ ತೂಕದ ಕಾಲುಭಾಗದಷ್ಟನ್ನು ಕಳೆದುಕೊಂಡೇ ಕಳೆದುಕೊಂಡರು. ಅವರು ಕಳೆದುಕೊಂಡದ್ದು ಕೊಬ್ಬನ್ನಷ್ಟೇ ಅಲ್ಲ, ಮಾಂಸಖಂಡವನ್ನು, ಬಲವನ್ನು, ಉತ್ಸಾಹವನ್ನು. ನೀನು ಎರಡು ದಿನ ನೀರಿನಲ್ಲಿದ್ದರೆ ಗ್ಲೈಕೊಜೆನ್ ಮತ್ತೊಮ್ಮೆ ಬರಿದಾಗಿ ಒಂದು ಕಿಲೋ ಇಳಿದಂತೆ ಕಾಣುವುದು ಸಹಜವೇ. ಮೂರನೆಯ ದಿನ ಗಂಜಿ ಕುಡಿದಾಗ ಅದು ಮರಳಿ ಏರುವುದೂ ಅಷ್ಟೇ ಸಹಜ. ನಡುವೆ ನಷ್ಟವಾಗುವುದು ನಿನ್ನ ಸ್ನಾಯು.

ಇದಕ್ಕೆ ತದ್ವಿರುದ್ಧವಾದ ಉಪದೇಶವನ್ನೂ ನಿನಗಾರೋ ಮಾಡಿದ್ದಾರೆ: ಕಡಿಮೆ ತಿನ್ನುವುದರಿಂದಲೇ ತೂಕ ನಿಂತಿದೆ, ನಾಲ್ಕು ತುತ್ತು ಹೆಚ್ಚು ತಿಂದರೆ ಮತ್ತೆ ಇಳಿಯುವುದೆಂದು. ಹಾಗೆ ಮಾಡಿ ಗುಣ ಕಂಡವರಿದ್ದಾರೆಂಬುದು ಸುಳ್ಳಲ್ಲ. ಆದರೆ ತಾನಾಗಿ ಹೋಗತಕ್ಕ ನಿಲುಗಡೆಯು ಹೋಗುವ ಹಿಂದಿನ ದಿನ ಯಾರು ಏನು ಮಾಡಿದ್ದರೋ ಅದಕ್ಕೇ ಕೀರ್ತಿ ಸಲ್ಲುವುದು ಲೋಕದ ರೂಢಿ. ಹೆಚ್ಚು ಉಂಡವಳು ಊಟಕ್ಕೂ, ಉಪವಾಸವಿದ್ದವಳು ಉಪವಾಸಕ್ಕೂ ಅದನ್ನು ಕಟ್ಟುತ್ತಾಳೆ. ಹೊಲಿಗೆ ಇನ್ನೂ ಮಾಯುತ್ತಿರುವ ಜಠರಕ್ಕೆ ಹೆಚ್ಚು ತುತ್ತು ತುರುಕುವುದು ಅಪಾಯ. ಈ ವಾರಗಳಲ್ಲಿ ಕ್ಯಾಲರಿಯ ಅಂಕಿ 400 ಆಯಿತೋ 600 ಆಯಿತೋ ಎಂಬುದನ್ನು ನೀನು ಬರೆದಿಡಬೇಕಾದ ಅಗತ್ಯವೇ ಇಲ್ಲ. ಬರೆದಿಡತಕ್ಕವು ಎರಡೇ: ಪ್ರೋಟೀನು ಎಷ್ಟು ಗ್ರಾಂ, ನೀರು ಎಷ್ಟು ಲೀಟರು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು, ಒಂದೂವರೆ ಲೀಟರಿಗೆ ಕಡಿಮೆಯಿಲ್ಲದ ದ್ರವ, ಇವು ಬಹುತೇಕ ವೈದ್ಯರು ವಿಧಿಸುವ ಗುರಿ. ನಿನ್ನ ಶಸ್ತ್ರವೈದ್ಯರೂ ಡಯಟೀಶಿಯನ್ನರೂ ಬೇರೆ ಅಂಕಿ ಹೇಳಿದ್ದರೆ ಅವರ ಮಾತೇ ಪ್ರಮಾಣ.

ಇಲ್ಲಿ ನಮ್ಮ ಅಡುಗೆಯ ಒಂದು ಸೂಕ್ಷ್ಮವನ್ನು ಹೇಳಬೇಕು. ನಿನ್ನ ಅತ್ತೆಯವರು ನಿನಗೆಂದೇ ಹುರುಳಿಕಾಳನ್ನು ಬೇಯಿಸಿ, ಬಸಿದು, ಆ ಕಟ್ಟನ್ನು ಬಿಸಿಬಿಸಿಯಾಗಿ ದಿನಕ್ಕೆರಡು ಬಾರಿ ಲೋಟದಲ್ಲಿ ಕೊಡುತ್ತಿರುವರೆಂದೂ, ಅದರಿಂದ ಪ್ರೋಟೀನಿಗೆ ಕೊರತೆಯಿಲ್ಲವೆಂದೂ ಬರೆದಿರುವೆ. ಅವರ ವಾತ್ಸಲ್ಯ ದೊಡ್ಡದು. ಆದರೆ ಹುರುಳಿಯ ನೂರು ಗ್ರಾಂ ಒಣಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನಿರುವುದು ನಿಜವಾದರೂ ಅದು ಉಳಿಯುವುದು ಕಾಳಿನಲ್ಲಿಯೇ. ಬಸಿದ ಕಟ್ಟಿಗೆ ಇಳಿಯುವುದು ರುಚಿ, ಉಪ್ಪು, ಅತ್ಯಲ್ಪ ಸತ್ತ್ವ. ಕಾಳು ಮನೆಮಂದಿಯ ಪಲ್ಯಕ್ಕೆ ಹೋಗಿ, ಕಟ್ಟು ರೋಗಿಗೆ ಬರುತ್ತಿದೆ! ಅರೆದ ಆಹಾರಕ್ಕೆ ವೈದ್ಯರು ಅನುಮತಿಯಿತ್ತಿದ್ದರೆ ಬೆಂದ ಕಾಳನ್ನೇ ನುಣ್ಣಗೆ ರುಬ್ಬಿ ಸೋಸಿ ಕೊಡಲು ಹೇಳು. ಮೊಟ್ಟೆಯೊಂದರಲ್ಲಿ 6 ಗ್ರಾಂ, ಹಾಲು ಮೊಸರುಗಳ ನೂರು ಮಿಲಿಲೀಟರಿನಲ್ಲಿ 3 ಗ್ರಾಂಗೆ ಸ್ವಲ್ಪ ಮೇಲು. ನಾಲ್ಕು ಚಮಚಕ್ಕೆ ತುಂಬುವ ಜಠರದಲ್ಲಿ ಇವುಗಳಿಂದಲೇ 60 ಗ್ರಾಂ ಪೂರೈಸುವುದು ದುಸ್ಸಾಧ್ಯವಾದುದರಿಂದ ವೈದ್ಯರು ಬರೆದುಕೊಟ್ಟ ಪ್ರೋಟೀನ್ ಪುಡಿಯನ್ನು ಅನಗತ್ಯವೆಂದು ಮೂಲೆಗಿಡಬೇಡ.

ಮುದ್ದೆಯ ವಿಷಯ ನೀನು ಕೇಳಿಲ್ಲವಾದರೂ ನಾಗಮಂಗಲದಲ್ಲಿ ಹುಟ್ಟಿ ಬೆಳೆದವಳಿಗೆ ಆ ಆಸೆ ಬಾರದೆ ಇರದು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕೆಂದು ನಮ್ಮ ಗಂಟಲು ಬಾಲ್ಯದಿಂದಲೇ ಕಲಿತಿದೆ. ನಿನ್ನ ಹೊಸ ಜಠರ ಕೇಳುವುದಾದರೋ ಇದಕ್ಕೆ ನೇರ ವಿರುದ್ಧವಾದುದನ್ನು, ಪ್ರತಿ ತುತ್ತೂ ಬಾಯಲ್ಲಿಯೇ ನೀರಾಗುವಷ್ಟು ಅಗಿಯುವುದನ್ನು. ಜಠರದ ನೂರಕ್ಕೆ 75ರಿಂದ 80 ಭಾಗವನ್ನು ತೆಗೆದು ಉಳಿಸಿದ ಕಿರಿದಾದ ಕೊಳವೆಯಲ್ಲಿ ಅಂಟಾದ ಒಂದು ತುತ್ತು ಸಿಕ್ಕಿಕೊಂಡರೆ ಎದೆಯೊಳಗೆ ಉಂಟಾಗುವ ಒತ್ತು, ಬಾಯಲ್ಲಿ ಉಕ್ಕುವ ಜೊಲ್ಲು, ಆಮೇಲಿನ ವಾಂತಿ, ಇವನ್ನು ಅನುಭವಿಸಿದವರ ಬಾಯಿಂದ ಕೇಳಿದ್ದೇನೆ. ಆದ್ದರಿಂದ ಸದ್ಯಕ್ಕೆ ರಾಗಿ ಬೇಕೆನಿಸಿದರೆ ಮಜ್ಜಿಗೆ ಬೆರೆಸಿದ ತೆಳುವಾದ ಅಂಬಲಿ. ಮುದ್ದೆಗೆ ತಿಂಗಳುಗಳೇ ಬೇಕು. ನೀರನ್ನು ಊಟದ ಜೊತೆಗೆ ಕುಡಿಯದೆ, ಅರ್ಧ ಗಂಟೆ ಬಿಟ್ಟು, ಗುಟುಕು ಗುಟುಕಾಗಿ ಕುಡಿಯಬೇಕು.

ಇದಕ್ಕಿಂತಲೂ ಮುಖ್ಯವಾದದ್ದೊಂದುಂಟು, ಇದನ್ನು ಮನೆಯವರಿಗೂ ಓದಿ ಹೇಳು. ವಾಂತಿಯು ಒಂದು ದಿನ ಮೀರಿ ಹಿಡಿದರೆ ಅದನ್ನು ಪಿತ್ತವೆಂದು ಕಷಾಯ ಕುಡಿದು ಕೂರಬಾರದು. ದೇಹದಲ್ಲಿ ಥಯಮಿನ್, ಎಂದರೆ ಬಿ1 ಜೀವಸತ್ತ್ವದ ಸಂಗ್ರಹ ಕೆಲವೇ ವಾರಗಳಿಗೆ ಸಾಲುವಷ್ಟು. ಉಣ್ಣದೆ ವಾಂತಿ ಮಾಡುತ್ತಿರುವವರಲ್ಲಿ ಅದು ಬರಿದಾದರೆ ನಡಿಗೆ ತೊನೆಯುವುದು, ದೃಷ್ಟಿ ಎರಡೆರಡಾಗುವುದು, ಬುದ್ಧಿ ಭ್ರಮಿಸುವುದು, ಇವು ಶಾಶ್ವತವಾಗಿಯೂ ನಿಂತುಬಿಡಬಹುದು. ಸಮೀಪದ ಆಸ್ಪತ್ರೆಯಲ್ಲಿ ಸುಸ್ತಿಗೆಂದು ಗ್ಲೂಕೋಸ್ ಡ್ರಿಪ್ ಹಾಕಲು ಬಂದರೆ, ಹೊಟ್ಟೆಯ ಆಪರೇಷನ್ ಆಗಿರುವುದನ್ನು ಮೊದಲೇ ತಿಳಿಸಿ, ಥಯಮಿನ್ ಚುಚ್ಚುಮದ್ದನ್ನು ಅದಕ್ಕೆ ಮುಂಚೆ ಕೊಡಬೇಕೆಂದು ಕೇಳಿರಿ. ಥಯಮಿನ್ ಇಲ್ಲದ ದೇಹಕ್ಕೆ ಗ್ಲೂಕೋಸ್ ಮಾತ್ರವೇ ಸೇರಿದರೆ ಕೇಡು ಹೆಚ್ಚುವುದುಂಟು. ಜ್ವರ, ನಾಡಿಯ ವೇಗ, ಹೊಟ್ಟೆಯಲ್ಲಿಯೋ ಎಡಭುಜದಲ್ಲಿಯೋ ತೀವ್ರವಾದ ನೋವು ಕಂಡರೆ ಬೆಳಗಾಗಲೆಂದು ಕಾಯದೆ, ಆಪರೇಷನ್ ಮಾಡಿದ ಆಸ್ಪತ್ರೆಗೇ ಹೊರಡಬೇಕು.

ಕೃಷ್ಣರಾಜಪೇಟೆಯ ನಿಮ್ಮ ಬಂಧುಗಳು, 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಯುವ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಚಿಕಿತ್ಸೆಯ ಬೆನ್ನಲ್ಲಿಯೇ ತೀರಿಕೊಂಡ ಸುದ್ದಿಯನ್ನು ನೆನೆದು ನಿನ್ನನ್ನು ಹೆದರಿಸುತ್ತಿರುವರಷ್ಟೆ. ಆ ಸಾವು ಯಾರನ್ನಾದರೂ ಕಲಕುವಂಥದು. ಆದರೆ ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಆ ಚಿಕಿತ್ಸೆ ಬೇರೆ, 1960ರ ದಶಕದಲ್ಲಿ ಅಯೋವಾದ ಎಡ್ವರ್ಡ್ ಮೇಸನ್ನರಿಂದ ಮೊದಲುಗೊಂಡು ಬೆಳೆದುಬಂದ ಜಠರದ ಈ ಶಸ್ತ್ರಚಿಕಿತ್ಸೆ ಬೇರೆ. ಬಾಯಿ ಕಟ್ಟಲಾರದವಳು ಹೊಟ್ಟೆ ಕುಯ್ಯಿಸಿಕೊಂಡಳು ಎಂಬ ಮಾತು ನಿನಗೆ ಹೆಚ್ಚು ನೋವು ಕೊಟ್ಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿಯೂ ಗಂಡಸರಲ್ಲಿಯೂ ಹತ್ತರಲ್ಲಿ ಮೂವರು ಅಧಿಕ ತೂಕದವರು. ಇಷ್ಟೊಂದು ಮಂದಿಯ ಬಾಯಿ ಒಂದೇ ತಲೆಮಾರಿನಲ್ಲಿ ಹಾಳಾಯಿತೆಂದು ನಾನು ನಂಬಲಾರೆ. ವಿಶ್ವೇಶ್ವರಯ್ಯ ನಾಲೆ ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಆರಂಭವಾಗಿ, ರಾಗಿ ಹುರುಳಿಗಳ ತಟ್ಟೆಗೆ ಅನ್ನ ಬೆಲ್ಲಗಳು ಸಮೃದ್ಧವಾಗಿ ಬಂದು ಸೇರಿದವು. ಅವನ್ನು ಅರಗಿಸುತ್ತಿದ್ದ ನೇಗಿಲು, ನಾಟಿ, ನೀರು ಸೇದುವ ದುಡಿಮೆಗಳು ಮಾತ್ರ ಹೋದವು. ದುಡಿಯುವ ಮೈಗೆ ಅಳೆದ ಊಟ ಕುಳಿತ ಮೈಗೆ ಉಳಿಯಿತು. ಇದರಲ್ಲಿ ನಿನ್ನ ಅಪರಾಧವನ್ನು ಹುಡುಕುವುದು ಅನ್ಯಾಯ.

ಆರು ತಿಂಗಳೋ ವರ್ಷವೋ ಕಳೆದ ಮೇಲೆ ತೂಕ ಮತ್ತೆ ನಿಲ್ಲುವುದು. ಅದರ ಬಗೆ ಬೇರೆ. 80 ಕಿಲೋದ ದೇಹಕ್ಕೆ 110 ಕಿಲೋದ ದೇಹದ ವ್ಯಯವಿರದು, ಸೇವನೆಯೂ ಅಷ್ಟರಲ್ಲಿ ದಿನಕ್ಕೆ ಸಾವಿರ ಕ್ಯಾಲರಿಯ ಸುತ್ತಮುತ್ತ ಬಂದಿರುತ್ತದೆ. ಆಗ ಕ್ಯಾಲರಿಯ ಲೆಕ್ಕ ನಿಜವಾಗಿಯೂ ಬೇಕು. ಆಲೆಮನೆಯ ಮುಂದೆ ಕುಡಿದ ಒಂದು ಲೋಟ ಕಬ್ಬಿನ ಹಾಲು ಜಠರವನ್ನು ತುಂಬದೆ ಜಾರಿಹೋಗಿ ನೂರು ಕ್ಯಾಲರಿಯನ್ನು ಇಳಿಸಿಬಿಡುತ್ತದೆ. ಮೇಲುಕೋಟೆಯ ಸಕ್ಕರೆಪೊಂಗಲನ್ನು ಬೆರಳ ತುದಿಯಷ್ಟು ಬಾಯಿಗಿಟ್ಟುಕೊಂಡರೂ ಪ್ರಸಾದ ಸ್ವೀಕರಿಸಿದಂತೆಯೇ. ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರತೊಡಗಬಹುದು. ಬಹುತೇಕ ಅದು ಮರಳಿ ಬರುತ್ತದೆ, ಗಾಬರಿ ಬೇಡ. ಮೊಮ್ಮಗುವಿನ ನಿರೀಕ್ಷೆಯಲ್ಲಿರುವ ಅತ್ತೆಯವರಿಗೆ ನಾನೇ ಹೇಳುವೆ: ತೂಕ ಇಳಿಯುವಾಗ ಗರ್ಭ ನಿಲ್ಲುವ ಸಂಭವ ಹೆಚ್ಚುವುದಾದರೂ 12ರಿಂದ 18 ತಿಂಗಳು ಅದನ್ನು ಮುಂದೂಡತಕ್ಕದ್ದು.

ತೂಕದ ಯಂತ್ರವನ್ನು ನಿನ್ನ ಯಜಮಾನರ ಕೈಗೆ ಕೊಟ್ಟು ಬೀರುವಿನಲ್ಲಿಡಿಸು. ಭಾನುವಾರ ಬೆಳಗ್ಗೆ ಒಮ್ಮೆ ಮಾತ್ರ ಹೊರತೆಗೆಯಲಿ. ಸೊಂಟದ ಅಳತೆಯನ್ನು ದರ್ಜಿಯ ಟೇಪಿನಿಂದ ತೆಗೆದು, ಪ್ರೋಟೀನು ನೀರುಗಳ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಬರೆ; ತೂಕ ನಿಂತ ವಾರದಲ್ಲಿಯೂ ಅದು ಕಡಿಮೆಯಾಗುವುದನ್ನು ಎಷ್ಟೋ ವೇಳೆ ಕಾಣಬಹುದು. ಮೊದಲ ತಿಂಗಳ ತಪಾಸಣೆಗೆ ಹೋಗುವಾಗ ಆ ಪುಸ್ತಕವನ್ನೂ, ನುಂಗುತ್ತಿರುವ ಜೀವಸತ್ತ್ವದ ಮಾತ್ರೆಗಳನ್ನೂ ಜೊತೆಗೆ ಒಯ್ಯಿ. ಆ ಮಾತ್ರೆಗಳು ಜೀವಾವಧಿಯವು, ಮೈ ಇಳಿಯಿತೆಂದು ನಿಲ್ಲಿಸುವಂಥವಲ್ಲ. ಮೂರನೆಯ ತಿಂಗಳಿನಲ್ಲಿ ಹಿಮೋಗ್ಲೋಬಿನ್, ಕಬ್ಬಿಣ, ಬಿ12, ಡಿ ಜೀವಸತ್ತ್ವಗಳ ರಕ್ತಪರೀಕ್ಷೆಯಾದ ಮೇಲೆ ವರದಿಯ ಒಂದು ಪ್ರತಿಯನ್ನು ನನಗೂ ಕಳುಹಿಸು. ಕಟ್ಟಿನ ಬದಲು ಕಾಳು ರುಬ್ಬಲು ತೊಡಗಿದಿರೋ ಇಲ್ಲವೋ ಎಂಬುದನ್ನು ಮಾತ್ರ ಈ ವಾರವೇ ತಿಳಿಸು.

ಇತಿ, ಆಶೀರ್ವಾದಗಳೊಡನೆ,
ನಿನ್ನ ದೊಡ್ಡಪ್ಪ