ನಮ್ಮ ಓಣಿಯ ಸರ್ಕಾರಿ ಶಾಲೆಯ ಲೆಕ್ಕ



ಜೂನ್ ತಿಂಗಳು ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲಿಯ ಸಂಘಕ್ಕೆ ಹೋದರೂ ಸಾಲದ ಅರ್ಜಿಯಲ್ಲಿ "ಮಗುವಿನ ಸ್ಕೂಲ್ ಫೀಜು" ಎಂಬ ಕಾರಣ ಕಾಣುತ್ತೇವೆ. ಪಕ್ಕದಲ್ಲೇ ಸರ್ಕಾರಿ ಶಾಲೆ ಇದೆಯಲ್ಲ ಎಂದು ಕೇಳಿದರೆ, "ಅಲ್ಲಿ ಮೇಷ್ಟ್ರೇ ಇಲ್ಲ ಸಿಸ್ಟರ್" ಎನ್ನುತ್ತೀರಿ. ಎಷ್ಟೋ ಕಡೆ ಈ ಮಾತು ನಿಜ. ಮೇಷ್ಟ್ರು ಯಾಕಿಲ್ಲ ಎಂಬುದನ್ನು ಈ ಸಭೆಯಲ್ಲಿ ತಿಳಿಯೋಣ.

1. ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ 60 ಮಕ್ಕಳಿದ್ದರೆ 2 ಶಿಕ್ಷಕರು, 61ರಿಂದ 90 ಇದ್ದರೆ 3, 91ರಿಂದ 120 ಇದ್ದರೆ 4. ಒಂದು ಶಾಲೆಯಲ್ಲಿ 62 ಮಕ್ಕಳಿದ್ದಾರೆ ಅನ್ನಿ. ಮೂವರು ತಾಯಂದಿರು ಟಿ.ಸಿ. ತಗೊಂಡರೆ 59 ಆಯಿತು. ಒಬ್ಬ ಶಿಕ್ಷಕರು "ಹೆಚ್ಚುವರಿ" ಎಂದು ಬೇರೆ ಕಡೆ ಹೋಗಬಹುದು. ಐದು ತರಗತಿಗೆ ಇಬ್ಬರೇ ಉಳಿದರೆ ಇನ್ನಷ್ಟು ಜನ ಮಕ್ಕಳನ್ನು ಬಿಡಿಸುತ್ತಾರೆ. ಕೊನೆಗೆ ಉಳಿಯುವವರು ಫೀಜು ಕಟ್ಟಲಾಗದ ಕೂಲಿಯವರ ಮಕ್ಕಳು.

2. ದಾಖಲಾತಿ ಬೇರೆ, ಹಾಜರಾತಿ ಬೇರೆ

ಪಾಸ್‌ಬುಕ್ಕಿನಲ್ಲಿ ಹೆಸರಿದ್ದು ಉಳಿತಾಯ ಕಟ್ಟದಿದ್ದರೆ ಏನು ಪ್ರಯೋಜನ? ಶಾಲೆಯೂ ಹಾಗೇ. ಅಡಿಕೆ ಸುಲಿಯುವ ಕಾಲದಲ್ಲಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಹೆಣ್ಣುಮಗಳು. ಗುಳೆ ಹೋಗುವ ಕುಟುಂಬದ ಮಕ್ಕಳದ್ದೂ ಇದೇ ಕಥೆ. ತಿಂಗಳುಗಟ್ಟಲೆ ತಪ್ಪಿದ ಪಾಠ ತಾನಾಗಿ ಬರುವುದಿಲ್ಲ.

3. ಕಲಿಕೆಯನ್ನು ನಾವೇ ನೋಡಬಹುದು

2022ರ ಅಸರ್ ಸಮೀಕ್ಷೆಯಲ್ಲಿ ಗ್ರಾಮೀಣ ಕರ್ನಾಟಕದ 5ನೇ ತರಗತಿ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ 2ನೇ ತರಗತಿಯ ಪಾಠ ಓದಲು ಬರಲಿಲ್ಲ. ಅದರಲ್ಲಿ ಖಾಸಗಿ ಶಾಲೆಯವರೂ ಇದ್ದರು. ಫೀಜು ಕಟ್ಟಿದ ಮಾತ್ರಕ್ಕೆ ಓದು ಬಂತು ಅಂತಲ್ಲ. ಮಗು 2ನೇ ತರಗತಿಯ ಪುಸ್ತಕ ಓದಲಿ, ದಶಕ ತಗೊಂಡು ಕಳೆಯುವ ಒಂದು ಲೆಕ್ಕ ಮಾಡಲಿ. ನಿಮಗೆ ಓದಲು ಬಾರದಿದ್ದರೆ ಸಂಘದ ಪುಸ್ತಕ ಬರೆಯುವವರು ಕೇಳಿಸಿಕೊಳ್ಳಲಿ.

4. ನಮ್ಮ ಹಕ್ಕು

ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಸಹಿ ಹಾಕಿ ಬರುವುದಷ್ಟೇ ಎಸ್.ಡಿ.ಎಂ.ಸಿ. ಸದಸ್ಯೆಯ ಕೆಲಸವಲ್ಲ. ಹಾಜರಿ, ಖಾಲಿ ಹುದ್ದೆ, ಶೌಚಾಲಯ, ಬಿಸಿಯೂಟ ಎಲ್ಲವನ್ನೂ ಕೇಳಬಹುದು. ಖಾಲಿ ಹುದ್ದೆಗೆ ಶಿಕ್ಷಕರನ್ನು ಕೊಡಿ ಎಂದು ಬಿ.ಇ.ಒ. ಅವರಿಗೆ ಅರ್ಜಿ ಬರೆಯಬಹುದು. 6ರಿಂದ 14 ವರ್ಷದ ಮಗುವನ್ನು ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ.

ಖಾಸಗಿ ಶಾಲೆ ತಪ್ಪು ಎಂದು ನಾವು ಹೇಳುತ್ತಿಲ್ಲ, ಅದು ನಿಮ್ಮ ಆಯ್ಕೆ. ಮೊದಲು ಶಾಲೆಯ ಬಾಗಿಲು ತಟ್ಟಿ, ಆಮೇಲೆ ಸಾಲದ ಅರ್ಜಿ ಬರೆಯಿರಿ.

ಚರ್ಚೆಗೆ:

* ನಮ್ಮ ಓಣಿಯ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು?
* ಕಳೆದ ವಾರ ಶಾಲೆ ತಪ್ಪಿಸಿದ ಮಗು ಯಾರದು? ಕಾರಣ ಏನು?
* ಈ ವರ್ಷ ಫೀಜಿಗಾಗಿ ನಮ್ಮ ಸಂಘ ಕೊಟ್ಟ ಸಾಲ ಒಟ್ಟು ಎಷ್ಟು?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಯೊಳಗೆ ಶಾಲೆಗೆ ಹೋಗಿ ಬರುವ ಇಬ್ಬರ ಹೆಸರನ್ನೂ ಇವತ್ತೇ ಬರೆಯಿರಿ.