ದಾಳಿಂಬೆಯ ಚಿತ್ರ, ಕೊಳೆತ ಕಿತ್ತಳೆ

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಮದುವೆಯಾಗಿ 5 ವರ್ಷವಾಯಿತು, ಮಕ್ಕಳಾಗಿಲ್ಲ. ಕಳೆದ ವರ್ಷ ದಾವಣಗೆರೆಯಲ್ಲಿ ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ಸಿಂಗಪುರದಿಂದ ಬಂದಿದ್ದ ನನ್ನ ಓರಗಿತ್ತಿ ಬಾಯಿ ಬಿರಿದ ದಾಳಿಂಬೆಯ ಚಿತ್ರವೊಂದನ್ನು ಕೊಟ್ಟು, ಮಲಗುವ ಕೋಣೆಯಲ್ಲಿ ಹಾಕಿಕೊಂಡರೆ ಒಳ್ಳೆಯದು ಎಂದರು. ಅದಾದ ಮೇಲೆ ಅತ್ತೆ ಫೆಂಗ್‌ಶುಯಿ ಹೇಳುವವರೊಬ್ಬರನ್ನು ಕರೆಸಿದರು. ಅವರ ಮಾತಿನಂತೆ ಹಾಲ್‌ನಲ್ಲಿ 9 ಕಿತ್ತಳೆಯ ಬುಟ್ಟಿ, ಪಡುವಣ ಗೋಡೆಗೆ ಗಾಜಿನ ದ್ರಾಕ್ಷಿ ಗೊಂಚಲು, ಶೋಕೇಸಿನಲ್ಲಿ ಪೀಚ್ ಹಣ್ಣಿನ ಬೊಂಬೆ ಇಟ್ಟಿದ್ದೇವೆ. ಮನೆಗೆ ಪಿಯರ್ ಹಣ್ಣು ತರಬಾರದಂತೆ. ಈಗ ಇನ್ನೊಂದು ಪ್ಯಾಕೇಜ್ ಮಾಡಿಸಬೇಕು ಅನ್ನುತ್ತಿದ್ದಾರೆ. ಹೋದ ವಾರ ಬುಟ್ಟಿಯಲ್ಲಿ ಒಂದು ಕಿತ್ತಳೆ ಕೊಳೆತಿತ್ತು. ಅತ್ತೆ ನೋಡಿ, “ಹಣ್ಣು ಕೊಳೆಯೋ ಮನೇಲಿ ಮಕ್ಕಳು ಹೆಂಗಾದಾವು?” ಅಂದರು. ಅವತ್ತಿನಿಂದ ನಿದ್ದೆ ಬರುತ್ತಿಲ್ಲ. ನಾನು ಎರಡು ಸಲ ಡಾಕ್ಟರಿಗೆ ತೋರಿಸಿದ್ದೇನೆ, ನಮ್ಮ ಯಜಮಾನರು ಒಮ್ಮೆಯೂ ಬಂದಿಲ್ಲ. ಹಣ್ಣು ಇಡುವುದರಲ್ಲಿ ನಾನು ಏನಾದರೂ ತಪ್ಪು ಮಾಡಿದೆನೇ? ಆ ಚಿತ್ರ ತೆಗೆದುಬಿಡಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಇಲ್ಲ, ನೀವು ಯಾವ ತಪ್ಪನ್ನೂ ಮಾಡಿಲ್ಲ. ಕಿತ್ತಳೆ ಕೊಳೆತದ್ದು ಬೂಷ್ಟಿನಿಂದ. ಸಿಪ್ಪೆಗೆ ಎಲ್ಲೋ ಸಣ್ಣ ಗಾಯವಾದರೆ ಸಾಕು, ಹಸಿರು ಬೂಷ್ಟು ಅಲ್ಲಿ ಬೇರೂರುತ್ತದೆ. ದಾವಣಗೆರೆಯ ಸೆಖೆಯಲ್ಲಿ ಒಂಬತ್ತು ಹಣ್ಣನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಗಾಳಿಯಾಡದೆ ಅಡಿಯದ್ದು ಬೇಗ ಕೆಡುತ್ತದೆ, ಪಕ್ಕದ್ದಕ್ಕೂ ಅಂಟಿಸುತ್ತದೆ. ಯಾರ ಮನೆಯಲ್ಲಿಟ್ಟಿದ್ದರೂ ಅದು ಕೊಳೆಯುತ್ತಿತ್ತು. ಮಕ್ಕಳು ಓಡಾಡುವ ಮನೆಯಲ್ಲೂ ಕೊಳೆಯುತ್ತದೆ.

ನಿಮ್ಮ ಓರಗಿತ್ತಿಯ ಉಡುಗೊರೆಯನ್ನು ನಾನು ಹಗುರವಾಗಿ ಕಾಣಲಾರೆ. ಅದರ ಹಿಂದೆ ಬಹಳ ಹಳೆಯ ಪ್ರೀತಿಯೊಂದಿದೆ, ಅದು ನಿಮಗೆ ತಿಳಿದಿರಬೇಕು. ದಾಳಿಂಬೆ ಚೀನಾದಲ್ಲಿ ಹುಟ್ಟಿದ ಹಣ್ಣಲ್ಲ. ಇರಾನಿನ ಕಡೆಯಿಂದ ಮಧ್ಯ ಏಷ್ಯಾ ದಾಟಿ ಅಲ್ಲಿಗೆ ಹೋಯಿತು. ಆರನೆಯ ಶತಮಾನದಲ್ಲಿ ಉತ್ತರ ಛೀ ಎಂಬ ರಾಜ್ಯವಿತ್ತು. ಅದರ ದೊರೆ ವೆನ್‌ಶ್ವಾನ್ ಒಮ್ಮೆ ತನ್ನ ಅಣ್ಣನ ಮಗನ ಬೀಗರ ಮನೆಗೆ ಊಟಕ್ಕೆ ಹೋಗಿದ್ದ. ಆ ಹುಡುಗನಿಗೆ ಆಗಷ್ಟೇ ಮದುವೆಯಾಗಿತ್ತು. ಮದುಮಗಳ ತಾಯಿ ದೊರೆಯ ಮುಂದೆ ಎರಡು ದಾಳಿಂಬೆ ತಂದಿಟ್ಟಳು. ಯಾಕೆಂದು ದೊರೆಗೂ ತಿಳಿಯಲಿಲ್ಲ, ಸುತ್ತ ಇದ್ದವರಿಗೂ ತಿಳಿಯಲಿಲ್ಲ. ದೊರೆ ಹಣ್ಣನ್ನು ಅತ್ತ ಎಸೆದ. ಆಗ ವೈ ಶೌ ಎಂಬ ವಿದ್ವಾಂಸ, ಈ ಹಣ್ಣಿನ ಒಳಮನೆಗಳ ತುಂಬ ಬೀಜ, ಹೊಸದಾಗಿ ಮದುವೆಯಾದ ಮಗಳಿಗೆ ಮಕ್ಕಳು ಮೊಮ್ಮಕ್ಕಳಾಗಲಿ ಎಂದು ಹೆತ್ತವಳ ಆಸೆ ಎಂದು ಬಿಡಿಸಿ ಹೇಳಿದ. ದೊರೆ ಹಿಗ್ಗಿದ. ಆ ರಾಜ್ಯದ ಇತಿಹಾಸಗ್ರಂಥದಲ್ಲೇ ಇದು ದಾಖಲಾಗಿದೆ. ಬಾಯಿ ಬಿರಿದ ದಾಳಿಂಬೆಯನ್ನು ಮದುವೆಯ ಉಡುಗೊರೆಗಳ ಮೇಲೆ ಬಿಡಿಸುವ ವಾಡಿಕೆ ಚೀನಾದಲ್ಲಿ ಇಂದಿಗೂ ಇದೆ.

ಈ ಕಥೆಯಲ್ಲಿ ದಾಳಿಂಬೆಯನ್ನು ಇಟ್ಟವಳು ತಾಯಿ, ಮಗಳಿಗೆ ಒಳ್ಳೆಯದಾಗಲಿ ಎಂದು. ಮಗಳನ್ನು ಆಮೇಲೆ ಕರೆದು “ಹಣ್ಣು ಇಟ್ಟಿದ್ದೆನಲ್ಲ, ಏನಾಯಿತು?” ಎಂದು ಕೇಳುವುದಕ್ಕಲ್ಲ. ನಿಮ್ಮ ಮನೆಯಲ್ಲಿ ಹಾರೈಕೆಯೇ ಲೆಕ್ಕ ಕೇಳುವ ಮಾತಾಗಿಬಿಟ್ಟಿದೆ. ನಿಮ್ಮ ನಿದ್ದೆ ಕೆಡಿಸಿರುವುದು ಅದು.

ಇದು ಹೊರಗಿನಿಂದ ಬಂದ ರೋಗವೆಂದು ಫೆಂಗ್‌ಶುಯಿಯನ್ನು ದೂರುವಂತಿಲ್ಲ. ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲಿ ಮಾದಲ ಹಣ್ಣಿದೆ. ಬೀಜ ತುಂಬಿದ ಆ ಹಣ್ಣು ನಮ್ಮಲ್ಲೂ ಸಮೃದ್ಧಿಯ, ಸಂತಾನದ ಗುರುತೇ. ನಿಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಕೊಬ್ಬರಿ, ಅಕ್ಕಿ, ಬಾಳೆಹಣ್ಣು ಹಾಕುವುದೂ ಅದೇ ಹಾರೈಕೆಯಿಂದ. ಆದರೆ ಅದೇ ಶಾಸ್ತ್ರದಲ್ಲಿ ಮಕ್ಕಳಾಗದವಳನ್ನು ಹಿಂದಕ್ಕೆ ಸರಿಸಿ ನಿಲ್ಲಿಸುವುದನ್ನೂ ನಾವು ಕಂಡಿದ್ದೇವೆ. ಹರಸಬೇಕಾದ ಕೈ ಅಳೆಯಲು ಹೊರಟಾಗಲೆಲ್ಲ ಹೆಣ್ಣಿಗೇ ಪೆಟ್ಟು ಬೀಳುತ್ತದೆ. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಉಳಿದ ಹಣ್ಣುಗಳ ವಿಷಯ. ಚೀನೀಯರ ಬಹುಪಾಲು ಹಣ್ಣಿನ ಶಕುನಗಳು ಉಚ್ಚಾರದಿಂದ ಹುಟ್ಟಿದವು. ಕ್ಯಾಂಟನೀಸ್ ಮಾತಿನಲ್ಲಿ ಕಿತ್ತಳೆಯ ಜಾತಿಯ ಹಣ್ಣಿಗೂ ಚಿನ್ನಕ್ಕೂ ಒಂದೇ ಬಗೆಯ ಸದ್ದು. ಸಿಂಗಪುರದಲ್ಲಿ ಚೀನೀ ಹೊಸವರ್ಷಕ್ಕೆ ಒಬ್ಬರ ಮನೆಗೆ ಹೋಗುವಾಗ ಎರಡು ಕಿತ್ತಳೆ ಹಿಡಿದು ಹೋಗುತ್ತಾರೆ, ಅವರೂ ತಿರುಗಿ ಎರಡು ಕೊಟ್ಟು ಕಳಿಸುತ್ತಾರೆ. ನಿಮ್ಮ ಓರಗಿತ್ತಿ ಅಲ್ಲಿ ಇದನ್ನು ನೋಡಿಯೇ ಇರುತ್ತಾರೆ. ಒಂಬತ್ತಕ್ಕೂ ‘ಬಹುಕಾಲ’ ಎಂಬುದಕ್ಕೂ ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರ, ನಿಮ್ಮ ಬುಟ್ಟಿಯ ಒಂಬತ್ತರ ಹಿಂದಿರುವುದು ಇದೇ. ಸಿಂಗಪುರದಲ್ಲಿ ಹೊಸ ಮನೆಯ ಬಾಗಿಲಿನಿಂದ ಒಳಕ್ಕೆ ಅನಾನಸ್ ಉರುಳಿಸುತ್ತಾರೆ. ಹೊಕ್ಕಿಯನ್ ಮಾತಿನಲ್ಲಿ ಅದರ ಹೆಸರು ‘ಏಳಿಗೆ ಬರಲಿ’ ಎಂದು ಕೇಳಿಸುತ್ತದೆ. ಪೀಚ್ ಮಾತ್ರ ಪುರಾಣದಿಂದ ಬಂದದ್ದು: ಪಶ್ಚಿಮದ ರಾಣಿಮಾತೆಯ ತೋಟದಲ್ಲಿ ಸಾವಿರಾರು ವರ್ಷಕ್ಕೊಮ್ಮೆ ಹಣ್ಣಾಗುವ, ತಿಂದವರಿಗೆ ಸಾವಿಲ್ಲದ ಪೀಚ್ ಇದೆಯಂತೆ. ಆದ್ದರಿಂದ ಅದು ದೀರ್ಘಾಯುಷ್ಯದ ಹಣ್ಣು. ಮನೆಯ ಹಿರಿಯರ ಹುಟ್ಟುಹಬ್ಬಕ್ಕೆ ಪೀಚ್ ಆಕಾರದ ಬನ್ ಬೇಯಿಸುತ್ತಾರೆ. ನಿಮ್ಮ ಶೋಕೇಸಿನ ಪೀಚ್ ನಿಜವಾಗಿ ಸಲ್ಲಬೇಕಾದದ್ದು ನಿಮ್ಮ ಅತ್ತೆಗೆ.

ಇನ್ನು ಪಿಯರ್. ಚೀನೀ ಭಾಷೆಯಲ್ಲಿ ಅದರ ಹೆಸರೂ ‘ಅಗಲಿಕೆ’ ಎಂಬುದೂ ಒಂದೇ ರೀತಿ ಕೇಳಿಸುವುದರಿಂದ ಗಂಡ ಹೆಂಡತಿ, ಪ್ರೇಮಿಗಳು ಒಂದೇ ಪಿಯರನ್ನು ಕತ್ತರಿಸಿ ಹಂಚಿಕೊಳ್ಳುವುದಿಲ್ಲ. ಹಾಗೆಂದು ಅವರು ಆ ಹಣ್ಣನ್ನು ಮನೆಯಿಂದ ಹೊರಗಿಟ್ಟಿಲ್ಲ. ಕೆಮ್ಮಿಗೆ ಕಲ್ಲುಸಕ್ಕರೆ ಹಾಕಿ ಬೇಯಿಸಿದ ಪಿಯರ್ ಚೀನೀ ಮನೆಗಳ ಸಾಮಾನ್ಯ ಮದ್ದು. ಕನ್ನಡದಲ್ಲಿ ಆ ಎರಡು ಮಾತುಗಳು ಒಂದೇ ರೀತಿ ಕೇಳಿಸದಿರುವಾಗ ದಾವಣಗೆರೆಯಲ್ಲಿ ನೀವು ಅದಕ್ಕೆ ಹೆದರಬೇಕಾಗಿಲ್ಲ. ಇಷ್ಟವಿದ್ದರೆ ತಂದು ತಿನ್ನಿ.

ಎರಡನೆಯ ಪ್ಯಾಕೇಜ್ ಖಂಡಿತ ಬೇಡ. ಫೆಂಗ್‌ಶುಯಿಯ ಹಳೆಯ ಗ್ರಂಥಗಳಲ್ಲಿ ಬಹಳ ಹೆಸರಾದದ್ದು ಗುವೊ ಪು ಎಂಬ ವಿದ್ವಾಂಸನ ಹೆಸರಿನಲ್ಲಿರುವ ‘ಸಮಾಧಿ ಗ್ರಂಥ’. ಸತ್ತವರನ್ನು ಎಲ್ಲಿ ಹೂಳಬೇಕು, ಬೆಟ್ಟ ಹೇಗಿರಬೇಕು, ನೀರು ಯಾವ ಕಡೆ ಹರಿಯಬೇಕು, ಗಾಳಿಯನ್ನು ಹೇಗೆ ತಡೆಯಬೇಕು ಎಂಬುದು ಅದರ ವಿಷಯ. ಗಾಜಿನ ದ್ರಾಕ್ಷಿಯನ್ನು ಪಡುವಣ ಗೋಡೆಗೆ ತೂಗುಹಾಕಿದರೆ ಗರ್ಭ ನಿಲ್ಲುತ್ತದೆ ಎಂದು ದುಡ್ಡು ಕೇಳುವುದು ಈಚಿನ ವ್ಯಾಪಾರ. ಚಿಕಿತ್ಸೆಗೆ ಬೇಕಾಗಬಹುದಾದ ಹಣವನ್ನು ಅದಕ್ಕೆ ಸುರಿಯಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಯಜಮಾನರು ಒಮ್ಮೆಯೂ ಡಾಕ್ಟರ ಬಳಿ ಬಂದಿಲ್ಲ ಎಂಬ ಸಾಲು. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ತಪಾಸಣೆಗೆ ಹೋಗಬೇಕು, ಹೆಣ್ಣಿಗೆ 35 ದಾಟಿದ್ದರೆ ಆರೇ ತಿಂಗಳಿಗೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಆರೋಗ್ಯವೂ ಒಂದು ಕಾರಣವಾಗಿರುತ್ತದೆ. ಅವರಿಗೆ ಬೇಕಾದ ಮೊದಲ ಪರೀಕ್ಷೆ ವೀರ್ಯ ತಪಾಸಣೆ. ನೋವಿಲ್ಲ, ಚುಚ್ಚುವುದಿಲ್ಲ, ಖರ್ಚೂ ಕಡಿಮೆ. ಅದನ್ನು ಮಾಡಿಸದೆ ನಿಮ್ಮೊಬ್ಬರನ್ನೇ ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡುವುದು ಅನ್ಯಾಯ. ಅವರು ಸಿಟ್ಟಿನಲ್ಲಿಲ್ಲದ ಹೊತ್ತು ನೋಡಿ, ಅತ್ತೆ ಇಲ್ಲದಾಗ ಹೇಳಿ: “ಈ ಮನೆಗೆ ಯಾರು ಏನು ಇಡಿ ಅಂದರೂ ಇಟ್ಟಿದ್ದೀನಿ. ನನಗೋಸ್ಕರ ನೀವು ಒಂದು ಸಲ ಡಾಕ್ಟರ ಹತ್ತಿರ ಬರಬೇಕು.” ಅವರು ನಾಚಿಕೆಯಿಂದ ಹಿಂಜರಿಯುತ್ತಿರಬಹುದು, ಭಯವೂ ಇರಬಹುದು. ಅದನ್ನು ಕೇಳಿಸಿಕೊಳ್ಳಿ, ಆದರೆ ದಿನಾಂಕ ಗೊತ್ತುಮಾಡದೆ ಮಾತು ಮುಗಿಸಬೇಡಿ.

ಐವಿಎಫ್‌ನಂಥ ಚಿಕಿತ್ಸೆಯ ಮಾತು ಬಂದರೆ, ಆ ಕೇಂದ್ರ 2021ರ ಸಂತಾನೋತ್ಪತ್ತಿ ನೆರವಿನ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಗರ್ಭಕ್ಕೆ ಪ್ರಯತ್ನಿಸುವ ಹೆಂಗಸರಿಗೆ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಹೇಳುತ್ತಾರೆ, ಅದರ ಬಗ್ಗೆಯೂ ನಿಮ್ಮ ವೈದ್ಯರನ್ನು ವಿಚಾರಿಸಿ.

ಅತ್ತೆಗೆ ಉತ್ತರ ಕೊಡುವ ಕೆಲಸ ನಿಮ್ಮದಲ್ಲ, ಅವರ ಮಗನದು. “ಅಮ್ಮ, ಆ ಮಾತು ಇನ್ನೊಮ್ಮೆ ಆಡಬೇಡ” ಎಂದು ಅವರೇ ಹೇಳಲಿ. ಮೊಮ್ಮಗುವಿನ ಆಸೆ ಆ ಹಿರಿಯ ಜೀವಕ್ಕೂ ಸಂಕಟವೇ ಆಗಿದೆ ಎಂಬುದು ನನಗೆ ಕಾಣುತ್ತದೆ, ಆದರೂ ಆ ಮಾತು ತಪ್ಪು.

ಮನೆಯ ಅಂದಕ್ಕೆ ಹಣ್ಣು ಇಡುವುದನ್ನು ಮಾತ್ರ ಬಿಡಬೇಡಿ. ಬೀಜಿಂಗಿನ ಅರಮನೆಯಲ್ಲಿ ರಾಜಮಾತೆ ಸಿಷಿ ದೊಡ್ಡ ದೊಡ್ಡ ಪಿಂಗಾಣಿ ಹರಿವಾಣಗಳಲ್ಲಿ ಹಣ್ಣು ತುಂಬಿಸಿಡುತ್ತಿದ್ದಳು, ಕೋಣೆಗೆ ಪರಿಮಳ ಬರಲೆಂದು. ಅವುಗಳಲ್ಲಿ ಬೆರಳು ಚಾಚಿದಂತಿರುವ ‘ಬುದ್ಧನ ಕೈ’ ಎಂಬ ಹಣ್ಣೂ ಇರುತ್ತಿತ್ತು. ಅದು ನಮ್ಮ ಮಾದಲದ್ದೇ ಒಂದು ತಳಿ. ನೀವೂ ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ಒಂದೇ ಪದರಕ್ಕೆ ಹಣ್ಣು ಜೋಡಿಸಿ; ಒಂಬತ್ತೇ ಇರಬೇಕೆಂದೇನಿಲ್ಲ. ಬಾಳೆಹಣ್ಣನ್ನು ದೂರವಿಡಿ, ಅದರಿಂದ ಹೊರಡುವ ಎಥಿಲೀನ್ ಉಳಿದ ಹಲವು ಹಣ್ಣುಗಳನ್ನು ಬೇಗ ಹಣ್ಣಾಗಿಸುತ್ತದೆ. ಋತುವಿಗೆ ತಕ್ಕಂತೆ ಕೊಡಗಿನ ಕಿತ್ತಳೆಯೋ ಕೊಪ್ಪಳದ ಕಡೆಯ ದಾಳಿಂಬೆಯೋ ತನ್ನಿ. ಎರಡು ದಿನಕ್ಕೊಮ್ಮೆ ತಿಂದು ಖಾಲಿ ಮಾಡಿ. ಗಾಜಿನ ದ್ರಾಕ್ಷಿ ನಿಮಗೆ ಇಷ್ಟವಿಲ್ಲದಿದ್ದರೆ ಇಳಿಸಿಬಿಡಿ.

ಚಿತ್ರದ ಬಗ್ಗೆ ಕೇಳಿದ್ದೀರಿ. ಅದು ಚೆಂದವಿದ್ದರೆ ಇರಲಿ, ಮಲಗುವ ಕೋಣೆಯಲ್ಲಿ ಬೇಡ. ದಿನವೂ ಎದ್ದ ಕೂಡಲೇ ಅದು ನಿಮ್ಮನ್ನು ಪ್ರಶ್ನಿಸುವಂತೆ ಕಾಣುತ್ತಿದ್ದರೆ ಊಟದ ಕೋಣೆಗೆ ಹಾಕಿ. ಓರಗಿತ್ತಿಗೆ ಬೇಸರವಾದೀತೆಂದು ಅಂಜಬೇಡಿ. ಒಂದು ಫೋನ್ ಮಾಡಿ, ನಿಮಗೆ ಆಗುತ್ತಿರುವುದನ್ನು ಅವರಿಗೆ ಹೇಳಿ. ಆ ಮನೆಯಲ್ಲಿ ನಿಮ್ಮ ಪರವಾಗಿ ಮಾತಾಡಬಲ್ಲವರು ಅವರೇ ಇರಬಹುದು.

ನಿದ್ದೆ ಇನ್ನೂ ಎರಡು ವಾರ ಹೀಗೇ ಕೆಟ್ಟರೆ, ಅಥವಾ ಬದುಕೇ ಬೇಡವೆನಿಸುವ ಯೋಚನೆ ಬಂದರೆ ಆ ಕೂಡಲೇ, ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಡಾಕ್ಟರ ಬಳಿ ಇಬ್ಬರೂ ಹೋಗಿಬಂದ ಮೇಲೆ ರಿಪೋರ್ಟಿನಲ್ಲಿ ಏನು ಬಂತೆಂದು ನನಗೆ ಬರೆಯಿರಿ.