ತಿಂಗಳ ಹಣ ಎಲ್ಲಿ ಹೋಯ್ತು?

ನಾವು ಫ್ಲ್ಯಾಟಿನಲ್ಲಿ ಇರೋರು. ಕಟ್ಟಡದಲ್ಲಿ 32 ಮನೆ. ಮನೆಗೆ ತಿಂಗಳಿಗೆ 500 ರೂಪಾಯಿ ಕೊಡ್ತೇವೆ. ಕೂಡಿಸಿದರೆ 16,000 ರೂಪಾಯಿ. ಕಡಿಮೆ ಹಣವೇ?

ಆದರೂ ಮೋಟಾರು ಕೆಟ್ಟು ಎಂಟು ದಿನವಾಯ್ತು. ಮೆಟ್ಟಿಲಿನ ದೀಪ ಉರಿಯೋದಿಲ್ಲ. ಮೂರನೇ ಮಹಡಿಯ ಅಜ್ಜಿ ಕತ್ತಲಲ್ಲಿ ಕೊಡ ಹೊರುತ್ತಾಳೆ. ಕೇಳಿದರೆ, "ಇನ್ನೂ 100 ಕೊಡಿ" ಅಂತಾರೆ!

ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದೆ. ಅದಕ್ಕೆ ಸೇರಿದ ಕಟ್ಟಡದಲ್ಲಿ ಜಮಾ ಖರ್ಚು ಬರೆದಿಡಲೇಬೇಕು. ಮನೆಯ ಒಡೆಯರು ಕೇಳಿದರೆ ಪುಸ್ತಕ, ರಸೀದಿ ತೋರಿಸಬೇಕು. ನಮ್ಮ ಕಟ್ಟಡವೂ ಸೇರಿದೆ.

ನಮಗೀಗ ಓದಲು ಬರುತ್ತದೆ. ಭಾನುವಾರ ಪುಸ್ತಕ ತರಿಸಿದೆವು. ಮೋಟಾರು ರಿಪೇರಿ ಅಂತ ಮೂರು ಸಲ ಬರೆದಿತ್ತು. ರಸೀದಿ ಒಂದೇ ಇತ್ತು. ಉಳಿದ ಎರಡು ಎಲ್ಲಿ?

"ಮುಂದಿನ ಭಾನುವಾರ ತರ್ತೀನಿ" ಅಂದಿದ್ದಾರೆ ಕಾರ್ಯದರ್ಶಿ. ಬೆಳಿಗ್ಗೆ ಹತ್ತು ಗಂಟೆಗೆ ನಾವೆಲ್ಲ ಸೇರ್ತೇವೆ.